ಬೆಂಚು ಕಾದವನು

ಹೊಸ ಕೋಚ್ ಯಾರಾದ್ರೂ ನೇಮಕವಾದ್ರೆ ಸ್ಟುಡಿಯೋದಲ್ಲಿ ನಾವು ಕೇಳೋ ಮೊದಲ ಪ್ರಶ್ನೆ ಒಂದೇ: ಈ ಮನುಷ್ಯ ಎಷ್ಟು ಮ್ಯಾಚ್ ಆಡಿದ್ದಾನೆ? ನಾನೂ ದನಿ ಏರಿಸಿಯೇ ಕೇಳಿದ್ದೇನೆ. ಡೀನ್ ಸ್ಮಿತ್ ಬಗ್ಗೆ ಓದಿದ ಮೇಲೆ ಆ ಪ್ರಶ್ನೆಗೆ ನಾಲಿಗೆ ಏಳೋದಿಲ್ಲ.

1891ರಲ್ಲಿ ಬ್ಯಾಸ್ಕೆಟ್‌ಬಾಲ್ ಹುಟ್ಟುಹಾಕಿದ ಜೇಮ್ಸ್ ನೈಸ್ಮಿತ್ ಮುಂದೆ ಅಮೆರಿಕದ ಕ್ಯಾನ್ಸಸ್ ವಿಶ್ವವಿದ್ಯಾಲಯದ ಮೊದಲ ಕೋಚ್ ಆದರು. ಅವರ ಶಿಷ್ಯ ಫಾಗ್ ಅಲೆನ್. ಅಲೆನ್ ಶಿಷ್ಯ ಈ ಸ್ಮಿತ್. ಗುರುಪರಂಪರೆಯೇನೋ ದೊಡ್ಡದು, ಆಟ ಅಷ್ಟಕ್ಕಷ್ಟೆ. 1952ರಲ್ಲಿ ಕ್ಯಾನ್ಸಸ್ ರಾಷ್ಟ್ರೀಯ ಚಾಂಪಿಯನ್ ಆದಾಗ ಸ್ಮಿತ್ ತಂಡದಲ್ಲಿದ್ದರು. ಎಲ್ಲಿ? ಹೆಚ್ಚಾಗಿ ಬೆಂಚಿನ ಮೇಲೆ!

30ನೇ ವಯಸ್ಸಿಗೆ, 1961ರಲ್ಲಿ, ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯದ ಮುಖ್ಯ ಕೋಚ್ ಆದರು. 1965ರಲ್ಲಿ ತಂಡ ಸೋತು ಬಂದ ರಾತ್ರಿ ಕ್ಯಾಂಪಸ್‌ನಲ್ಲಿ ಅವರ ಪ್ರತಿಕೃತಿ ನೇತಾಡುತ್ತಿತ್ತು. ಬಸ್ಸಿನಿಂದ ಇಳಿದು ಓಡಿ ಅದನ್ನು ಕಿತ್ತೆಸೆದವನು ಅವರ ಆಟಗಾರ ಬಿಲ್ಲಿ ಕನ್ನಿಂಗ್‌ಹ್ಯಾಮ್. ವಿಶ್ವವಿದ್ಯಾಲಯವೂ ಕೈಬಿಡಲಿಲ್ಲ. ಮರುವರ್ಷ ಸ್ಮಿತ್, ಚಾರ್ಲಿ ಸ್ಕಾಟ್ ಎಂಬ ಹುಡುಗನನ್ನು ಸೇರಿಸಿಕೊಂಡರು. ಅಲ್ಲಿ ಕ್ರೀಡಾ ವಿದ್ಯಾರ್ಥಿವೇತನ ಪಡೆದ ಮೊದಲ ಕಪ್ಪು ವರ್ಣೀಯ ಆತ. ದಕ್ಷಿಣದ ರಾಜ್ಯದಲ್ಲಿ ಆಗ ಇದು ಸಣ್ಣ ಮಾತಲ್ಲ.

ಅವರ ಪಾಠ ಕೇಳಿ. ಬಾಲನ್ನು ಬುಟ್ಟಿಗೆ ಹಾಕಿದವನು ಪಾಸ್ ಕೊಟ್ಟವನ ಕಡೆ ಬೆರಳು ತೋರಿಸಬೇಕು. ಅಂಕ ಇಬ್ಬರದ್ದು, ಅಲ್ವಾ? (ನನಗೂ ಪಾಸ್ ಕೊಡೋರು ಸ್ಟುಡಿಯೋ ಗಾಜಿನಾಚೆ ಕೂತಿರ್ತಾರೆ. ನಾನೆಷ್ಟು ಸಲ ಬೆರಳು ತೋರಿಸಿದ್ದೇನೋ!) ಇನ್ನೊಂದು: ಸುಸ್ತಾದವನು ಮುಷ್ಟಿ ಎತ್ತಿದರೆ ಸಾಕು, ಹೊರಗೆ ಬರಬಹುದು. ದಣಿವಾರಿದ ಮೇಲೆ ತಾನೇ ಹೇಳಿ ಮತ್ತೆ ಒಳಗೆ ಹೋಗಬಹುದು. ದಣಿವನ್ನು ಮುಚ್ಚಿಟ್ಟು ಆಡುವ ಹುಡುಗನಿಗಿಂತ ಬೆಂಚಿನಲ್ಲಿರುವ ತಾಜಾ ಹುಡುಗ ಮೇಲು ಅನ್ನೋ ಲೆಕ್ಕ ಅದು. ಬೆಂಚಿನಲ್ಲಿ ಕೂತು ಕಂಡವರಿಗಷ್ಟೇ ಹೊಳೆಯೋ ಲೆಕ್ಕ, ನನ್ನ ಪ್ರಕಾರ.

1982ರ ಫೈನಲ್. ಜಾರ್ಜ್‌ಟೌನ್ ವಿರುದ್ಧ ಒಂದೇ ಅಂಕದ ಗೆಲುವು, 63-62. ನಿರ್ಣಾಯಕ ಬುಟ್ಟಿ ಹಾಕಿದ ಮೊದಲ ವರ್ಷದ ಹುಡುಗನ ಹೆಸರು ಮೈಕಲ್ ಜೋರ್ಡಾನ್. ಪಾಸ್ ಕೊಟ್ಟವನು ಜಿಮ್ಮಿ ಬ್ಲ್ಯಾಕ್. ಜೋರ್ಡಾನ್ ಗೊತ್ತು, ಬ್ಲ್ಯಾಕ್ ಯಾರಿಗೆ ಗೊತ್ತು ಹೇಳಿ?

1993ರಲ್ಲಿ ಇನ್ನೊಂದು ಪ್ರಶಸ್ತಿ. 1997ರಲ್ಲಿ ನಿವೃತ್ತರಾದಾಗ ಗೆಲುವು 879. ಮುರಿದದ್ದು ಅಡಾಲ್ಫ್ ರಪ್ ಅವರ 876ರ ದಾಖಲೆ. ತಮಾಷೆ ನೋಡಿ, ರಪ್ ಕೂಡ ಕ್ಯಾನ್ಸಸ್‌ನಲ್ಲಿ ಅಲೆನ್ ಕೈಕೆಳಗೆ ಬೆಂಚು ಕಾದವರೇ!

2015ರ ಫೆಬ್ರುವರಿಯಲ್ಲಿ ಸ್ಮಿತ್ ತೀರಿಕೊಂಡರು. ಮುಂದಿನ ತಿಂಗಳು ಅವರ ಹಳೆಯ ಆಟಗಾರರು, ಸುಮಾರು 180 ಜನರ ಹೆಸರಿಗೆ ಒಂದೊಂದು ಚೆಕ್ ಹೊರಟಿತು. ಉಯಿಲಿನಲ್ಲೇ ಬರೆದಿಟ್ಟಿದ್ದರಂತೆ: ಹೊರಗೆ ಒಂದು ಊಟ ಮಾಡಿ, ಕೋಚ್ ಲೆಕ್ಕದಲ್ಲಿ. ತಲಾ 200 ಡಾಲರ್. ಜೋರ್ಡಾನ್‌ಗೂ ಅಷ್ಟೇ, ಬೆಂಚಿನ ಕೊನೆಯಲ್ಲಿ ಕೂತವನಿಗೂ ಅಷ್ಟೇ.