ಕಡಲ ಸಸ್ತನಿಗಳು ಮತ್ತು ಮಾನವ

ಕೃಷ್ಣೆ ಮತ್ತು ತುಂಗಭದ್ರೆಯರ ನಡುವಣ ಎರೆಭೂಮಿಯಲ್ಲಿ, ರಾಯಚೂರಿನಿಂದ ಗುಂತಕಲ್ಲಿನ ಕಡೆಗೆ ಸಾಗುವ ರೈಲುಮಾರ್ಗದ ಮೇಲಿರುವ ಮಟಮಾರಿಯಂಥ ಊರಿನ ಬಾಲಕನಿಗೆ ಸಮುದ್ರವೆಂಬುದು ಭೂಪಟದ ನೀಲಿಬಣ್ಣವೇ ಸರಿ. ಮಳೆಗಾಗಿ ಮುಗಿಲನ್ನು ನೋಡುವ ನಾಡಿಗೆ ತಿಮಿಂಗಿಲದ ಗೊಡವೆ ಏತಕ್ಕೆಂದು ಯಾರಾದರೂ ಕೇಳಿದರೆ ಆಶ್ಚರ್ಯವಿಲ್ಲ. ಆದರೆ ಈ ಹೊಲಗಳ ಮೇಲೆ ಬೀಳುವ ಮುಂಗಾರಿನ ನೀರು ಸಮುದ್ರದಿಂದ ಬಂದುದು. ದೇವದುರ್ಗದ ಅಂಚಿನ ಕೃಷ್ಣೆಯೂ ಮಾನ್ವಿಯ ಬದಿಯ ತುಂಗಭದ್ರೆಯೂ ಮುಂದೆ ಒಂದಾಗಿ ಹೋಗಿ ಸೇರುವುದು ಬಂಗಾಳ ಕೊಲ್ಲಿಯನ್ನು. ಆದ್ದರಿಂದ ಸಮುದ್ರದ ಸಮಾಚಾರವು ಈ ನಾಡಿಗೆ ಸಂಬಂಧಿಸದ ವಿಷಯವಲ್ಲ. ಆ ಸಮುದ್ರದಲ್ಲಿ ಮನುಷ್ಯನ ಹಾಗೆಯೇ ಉಸಿರಾಡುವ, ಬಿಸಿರಕ್ತವುಳ್ಳ, ಮರಿಗೆ ಹಾಲೂಡಿಸುವ ಜೀವಿಗಳು ಇವೆ. ಅವುಗಳೊಡನೆ ಮಾನವನ ಸಂಬಂಧವು ಹೇಗೆ ನಡೆದುಬಂದಿತೆಂಬುದು ಅರಿಯತಕ್ಕ ಸಂಗತಿಯಾಗಿದೆ.

ಮೀನಲ್ಲದ ಮೀನು

'ತಿಮಿಂಗಿಲ' ಎಂಬ ಪದವು ಸಂಸ್ಕೃತದಿಂದ ಬಂದುದು. 'ತಿಮಿ' ಎಂದರೆ ಒಂದು ಮಹಾಮತ್ಸ್ಯ. ಆ ತಿಮಿಯನ್ನೇ ನುಂಗುವಂಥದು ತಿಮಿಂಗಿಲ. ಅಮರಕೋಶವು ಇದನ್ನು ಜಲಚರಗಳ ಸಾಲಿನಲ್ಲಿ ಹೇಳಿದೆ. ಹೆಸರಿನಲ್ಲಿ ಮೀನಿದ್ದರೂ ತಿಮಿಂಗಿಲವು ಮೀನಲ್ಲ. ಗ್ರೀಸ್ ದೇಶದ ಅರಿಸ್ಟಾಟಲನು ಎರಡು ಸಾವಿರ ವರ್ಷಗಳಿಗೂ ಹಿಂದೆಯೇ ಡಾಲ್ಫಿನ್ನುಗಳು ಶ್ವಾಸಕೋಶದಿಂದ ಉಸಿರಾಡುತ್ತವೆ, ಮರಿಗಳಿಗೆ ಹಾಲು ಕೊಡುತ್ತವೆ ಎಂಬುದನ್ನು ಗುರುತಿಸಿದ್ದನು. ಆದರೂ ಶಾಸ್ತ್ರಗ್ರಂಥಗಳಲ್ಲಿ ಬಹುಕಾಲ ಇವು ಮೀನುಗಳ ಗುಂಪಿನಲ್ಲಿಯೇ ಉಳಿದವು. ಸ್ವೀಡನ್ನಿನ ಲಿನೇಯಸ್ 1758ರಲ್ಲಿ ಪ್ರಕಟಿಸಿದ ತನ್ನ ಗ್ರಂಥದ ಹತ್ತನೆಯ ಆವೃತ್ತಿಯಲ್ಲಿ ಇವನ್ನು ಸಸ್ತನಿಗಳ ವರ್ಗಕ್ಕೆ ಸೇರಿಸಿದನು.

ಮೀನಿಗೂ ತಿಮಿಂಗಿಲಕ್ಕೂ ಇರುವ ಭೇದವನ್ನು ಬಾಲದಿಂದಲೇ ತಿಳಿಯಬಹುದು. ಮೀನು ತನ್ನ ಬಾಲವನ್ನು ಎಡಕ್ಕೂ ಬಲಕ್ಕೂ ಬೀಸಿ ಈಜುತ್ತದೆ. ತಿಮಿಂಗಿಲವೂ ಡಾಲ್ಫಿನ್ನೂ ಬಾಲವನ್ನು ಮೇಲಕ್ಕೂ ಕೆಳಕ್ಕೂ ಬಡಿಯುತ್ತವೆ. ಓಡುವ ನಾಯಿಯ ಅಥವಾ ಕುದುರೆಯ ಬೆನ್ನು ಹೇಗೆ ಮೇಲೆ ಕೆಳಗೆ ಬಾಗುತ್ತದೆಯೋ ಹಾಗೆಯೇ ಇವುಗಳ ಬೆನ್ನೂ ಬಾಗುತ್ತದೆ. ಅಂದರೆ ಇವುಗಳ ಪೂರ್ವಜರು ಒಂದಾನೊಂದು ಕಾಲದಲ್ಲಿ ನೆಲದ ಮೇಲೆ ನಡೆದಾಡಿದ ನಾಲ್ಕು ಕಾಲಿನ ಪ್ರಾಣಿಗಳು. ಹಿಂಗಾಲುಗಳು ಕಾಲಕ್ರಮದಲ್ಲಿ ಮಾಯವಾದರೂ ಸೊಂಟದ ಎಲುಬಿನ ಚಿಕ್ಕ ಅವಶೇಷವು ಇಂದಿಗೂ ತಿಮಿಂಗಿಲದ ಮಾಂಸದೊಳಗೆ ಹುದುಗಿಕೊಂಡಿದೆ.

ಈ ಕಥೆಯ ಮೊದಲ ಅಧ್ಯಾಯಗಳು ಭಾರತ ಉಪಖಂಡದಲ್ಲಿಯೇ ನಡೆದವೆಂಬುದು ವಿಶೇಷ. ಜಮ್ಮು ಮತ್ತು ಕಾಶ್ಮೀರದ ಕಾಲಕೋಟ್ ಪ್ರದೇಶದಲ್ಲಿ ದೊರೆತ ಪಳೆಯುಳಿಕೆಗಳ ಆಧಾರದಿಂದ ಭಾರತೀಯ ಭೂವಿಜ್ಞಾನಿ ಎ. ರಂಗರಾವ್ ಅವರು 1971ರಲ್ಲಿ ಒಂದು ಪ್ರಾಣಿಗೆ 'ಇಂಡೋಹೈಯಸ್' ಎಂದು ಹೆಸರಿಟ್ಟರು. ಅವರು ಸಂಗ್ರಹಿಸಿಟ್ಟಿದ್ದ ಶಿಲೆಗಳೊಳಗಿನ ಎಲುಬುಗಳನ್ನು ಮುಂದೆ ಹಾನ್ಸ್ ಥೇವಿಸನ್ ಎಂಬ ವಿಜ್ಞಾನಿಯೂ ಅವರ ಸಂಗಡಿಗರೂ ಪರಿಶೀಲಿಸಿ, ಸುಮಾರು 480 ಲಕ್ಷ ವರ್ಷಗಳ ಹಿಂದಿನ, ಬೆಕ್ಕಿನ ಗಾತ್ರದ, ಗೊರಸುಳ್ಳ ಈ ಪ್ರಾಣಿಯು ತಿಮಿಂಗಿಲ ಕುಲದ ಅತಿ ಹತ್ತಿರದ ಬಂಧುವೆಂದು 2007ರಲ್ಲಿ ತೋರಿಸಿಕೊಟ್ಟರು. ಕಚ್ಛದ ಬಂಜರು ಭೂಮಿಯಲ್ಲಿಯೂ ಪ್ರಾಚೀನ ತಿಮಿಂಗಿಲಗಳ ಎಲುಬುಗಳು ದೊರೆತಿವೆ. ಇಂದು ಒಣಗಿನಿಂತ ನೆಲವು ಅಂದು ಕಡಲಾಗಿತ್ತು.

ನೀರಿನಲ್ಲಿ ಬಾಳುವ ಬಗೆ

ಕಡಲ ಸಸ್ತನಿಗಳನ್ನು ಸ್ಥೂಲವಾಗಿ ಮೂರು ಗುಂಪುಗಳಾಗಿ ವಿಂಗಡಿಸಬಹುದು. ತಿಮಿಂಗಿಲ, ಡಾಲ್ಫಿನ್ ಮತ್ತು ಹಂದಿಮೀನುಗಳದು ಮೊದಲನೆಯದು. ನೀರೊಳಗಿನ ಹುಲ್ಲನ್ನು ಮೇಯುವ ಕಡಲಹಸುಗಳದು ಎರಡನೆಯದು. ನೆಲಕ್ಕೂ ನೀರಿಗೂ ಸೇರಿದ ಸೀಲ್ ಮತ್ತು ವಾಲ್ರಸ್‌ಗಳದು ಮೂರನೆಯದು. ಇವಲ್ಲದೆ ಕಡಲ ನೀರುನಾಯಿಯನ್ನೂ ಹಿಮಕರಡಿಯನ್ನೂ ಇದೇ ಲೆಕ್ಕಕ್ಕೆ ಸೇರಿಸುವುದುಂಟು.

ನೀಲಿ ತಿಮಿಂಗಿಲವು ಭೂಮಿಯ ಮೇಲೆ ಬಾಳಿದ ಪ್ರಾಣಿಗಳಲ್ಲೆಲ್ಲ ಅತಿ ದೊಡ್ಡದೆಂದು ಹೆಸರಾದುದು. ಸುಮಾರು 30 ಮೀಟರು ಉದ್ದ ಬೆಳೆಯಬಲ್ಲದು. ಇಷ್ಟು ದೊಡ್ಡ ಜೀವಿಯ ಆಹಾರವಾದರೋ ಬೆರಳುದ್ದದ ಸಿಗಡಿಯಂಥ ಜೀವಿಗಳು. ಅದಕ್ಕೆ ಹಲ್ಲುಗಳಿಲ್ಲ; ಬಾಯಿಯೊಳಗೆ ಜೋಲುವ ಜರಡಿಯಂಥ ಪಟ್ಟಿಗಳಿಂದ ನೀರನ್ನು ಸೋಸಿ ಆಹಾರವನ್ನು ಉಳಿಸಿಕೊಳ್ಳುತ್ತದೆ. ಹಲ್ಲುಳ್ಳ ತಿಮಿಂಗಿಲಗಳಲ್ಲಿ ದೊಡ್ಡದಾದ ಸ್ಪರ್ಮ್ ತಿಮಿಂಗಿಲವು ಒಂದೇ ಉಸಿರಿನಲ್ಲಿ ಒಂದು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಮುಳುಗಬಲ್ಲದು. ಇವುಗಳ ಸ್ನಾಯುಗಳು ಪ್ರಾಣವಾಯುವನ್ನು ಹೇರಳವಾಗಿ ಕೂಡಿಟ್ಟುಕೊಳ್ಳುವುದೇ ಇದಕ್ಕೆ ಮುಖ್ಯ ಕಾರಣ. ಚರ್ಮದ ಕೆಳಗಿನ ದಪ್ಪ ಕೊಬ್ಬಿನ ಪದರವು ದೇಹದ ಬಿಸಿಯನ್ನು ಕಾಪಾಡುತ್ತದೆ. ಡಾಲ್ಫಿನ್ನು ಉಸಿರಾಡಲು ಆಗಾಗ ಮೇಲೆ ಬರಲೇಬೇಕಾದುದರಿಂದ ಅದರ ಮೆದುಳಿನ ಒಂದು ಅರ್ಧ ನಿದ್ರಿಸುತ್ತಿರುವಾಗ ಇನ್ನೊಂದು ಅರ್ಧ ಎಚ್ಚರವಾಗಿರುತ್ತದೆ. ಕತ್ತಲೆಯ ನೀರಿನಲ್ಲಿ ಅದು ತನ್ನ ಧ್ವನಿಯ ಪ್ರತಿಧ್ವನಿಯಿಂದಲೇ ದಾರಿಯನ್ನೂ ಬೇಟೆಯನ್ನೂ ಕಂಡುಕೊಳ್ಳುತ್ತದೆ.

ದೀಪಕ್ಕಾಗಿ ಆದ ಬೇಟೆ

ತಿಮಿಂಗಿಲವನ್ನು ಕಾಪಾಡಿದ ಕೊಬ್ಬೇ ಅದರ ಪಾಲಿಗೆ ಮೃತ್ಯುವಾಯಿತು. ಆ ಕೊಬ್ಬನ್ನು ಕಾಯಿಸಿ ತೆಗೆದ ಎಣ್ಣೆಯಿಂದ ಯೂರೋಪು ಮತ್ತು ಅಮೆರಿಕಗಳ ನಗರಗಳಲ್ಲಿ ದೀಪಗಳು ಉರಿದವು. ಯಂತ್ರಗಳ ಕೀಲುಗಳು ತಿರುಗಿದವು. ಸೀಮೆಎಣ್ಣೆ ಬಂದ ಮೇಲಾದರೂ ಬೇಟೆ ನಿಲ್ಲಬೇಕಾಗಿತ್ತು. ಆದರೆ ಉಗಿಹಡಗು ಮತ್ತು ಸಿಡಿಯುವ ಈಟಿಗಳು ಬಂದುದರಿಂದ ಅದು ಮತ್ತಷ್ಟು ಉಗ್ರವಾಯಿತು. ಸಾಬೂನು ಮತ್ತು ಕೃತಕ ಬೆಣ್ಣೆಗಾಗಿ ಅದೇ ಎಣ್ಣೆ ಬೇಕಾಯಿತು. ಇಪ್ಪತ್ತನೆಯ ಶತಮಾನವೊಂದರಲ್ಲಿಯೇ ಸುಮಾರು 29 ಲಕ್ಷ ತಿಮಿಂಗಿಲಗಳು ಕೊಲ್ಲಲ್ಪಟ್ಟವೆಂದು ಸಂಶೋಧಕರು ಲೆಕ್ಕಹಾಕಿದ್ದಾರೆ. ಕರ್ನಾಟಕದ ಕರಾವಳಿಗೆ ತಾಗಿರುವ ಅರಬ್ಬೀ ಸಮುದ್ರವೂ ಈ ಸಂಹಾರದಿಂದ ಪಾರಾಗಲಿಲ್ಲ. 1966ರಲ್ಲಿ ಸೋವಿಯತ್ ಬೇಟೆಹಡಗುಗಳು ಈ ಸಮುದ್ರದಲ್ಲಿ ನಿಯಮಗಳನ್ನು ಮೀರಿ 242 ಗೂನುಬೆನ್ನಿನ ತಿಮಿಂಗಿಲಗಳನ್ನು ಕೊಂದವು; ಈ ವಿಷಯವು ಬಹಿರಂಗವಾದುದು ಮೂರು ದಶಕಗಳ ತರುವಾಯ. ಇತರ ಸಮುದ್ರಗಳ ತಿಮಿಂಗಿಲಗಳಂತೆ ದೂರಕ್ಕೆ ವಲಸೆ ಹೋಗದೆ ಇಲ್ಲಿಯೇ ಬಾಳುವ ಈ ಕುಲವು ಇಂದಿಗೂ ಚೇತರಿಸಿಕೊಂಡಿಲ್ಲ.

ಇದಕ್ಕೂ ಹಿಂದಿನ ಒಂದು ಉದಾಹರಣೆ ಇನ್ನೂ ದಾರುಣವಾದುದು. ಉತ್ತರ ಶಾಂತಸಾಗರದ ದ್ವೀಪವೊಂದರ ಬಳಿ 1741ರಲ್ಲಿ ಸ್ಟೆಲ್ಲರ್ ಎಂಬ ಪ್ರಕೃತಿವಿಜ್ಞಾನಿಯು ಒಂದು ಬಗೆಯ ಬೃಹತ್ ಕಡಲಹಸುವನ್ನು ಕಂಡು ವರ್ಣಿಸಿದನು. ಅದು ಸಾಧುಪ್ರಾಣಿ, ಓಡಲರಿಯದು. ಮಾಂಸಕ್ಕಾಗಿ ನಾವಿಕರು ಅದನ್ನು ಎಡೆಬಿಡದೆ ಕೊಂದುದರಿಂದ 1768ರ ವೇಳೆಗೆ, ಅಂದರೆ ಕಂಡ 27 ವರ್ಷಗಳಲ್ಲಿ, ಆ ಕುಲವೇ ನಾಶವಾಯಿತು.

ಪಶ್ಚಾತ್ತಾಪ ಮತ್ತು ಕಾನೂನು

ಮನುಷ್ಯನ ಮನಸ್ಸು ತಿರುಗುವುದಕ್ಕೆ ಒಂದು ಕಾರಣ ತಿಮಿಂಗಿಲದ ಹಾಡು. ಗೂನುಬೆನ್ನಿನ ತಿಮಿಂಗಿಲದ ಗಂಡುಗಳು ನೀರಿನೊಳಗೆ ಗೊತ್ತಾದ ಕ್ರಮದಲ್ಲಿ ದೀರ್ಘವಾಗಿ ಹಾಡುತ್ತವೆ. ಈ ಧ್ವನಿಯು 1970ರಲ್ಲಿ ಗ್ರಾಮಫೋನ್ ತಟ್ಟೆಯಾಗಿ ಹೊರಬಂದಿತು. ರೋಜರ್ ಪೇನ್ ಮತ್ತು ಸ್ಕಾಟ್ ಮ್ಯಾಕ್‌ವೇ ಎಂಬ ವಿಜ್ಞಾನಿಗಳು 1971ರಲ್ಲಿ ಅದರ ರಚನೆಯನ್ನು ವಿವರಿಸಿದರು. ಎಣ್ಣೆಯ ಪೀಪಾಯಿಯೆಂದು ಎಣಿಸಲ್ಪಟ್ಟಿದ್ದ ಪ್ರಾಣಿಯು ಹಾಡುವ ಜೀವಿಯೆಂದು ತಿಳಿದಾಗ ಲೋಕದ ಜನ ಬೆರಗಾದರು. ಅಂತಾರಾಷ್ಟ್ರೀಯ ತಿಮಿಂಗಿಲ ಆಯೋಗವು 1979ರಲ್ಲಿ ಹಿಂದೂ ಮಹಾಸಾಗರವನ್ನು ತಿಮಿಂಗಿಲಗಳ ಅಭಯಧಾಮವೆಂದು ಸಾರಿತು. ವಾಣಿಜ್ಯ ಬೇಟೆಯನ್ನು ನಿಲ್ಲಿಸುವ ನಿರ್ಣಯವನ್ನು 1982ರಲ್ಲಿ ಕೈಗೊಂಡಿತು. ಕೆಲವು ದೇಶಗಳು ಇದಕ್ಕೆ ಪೂರ್ಣವಾಗಿ ಬದ್ಧವಾಗಲಿಲ್ಲ. ಜಪಾನ್ 2019ರಲ್ಲಿ ಆಯೋಗದಿಂದಲೇ ಹೊರಬಂದಿತು. ಆದರೂ ಅನೇಕ ತಿಮಿಂಗಿಲಗಳ ಸಂಖ್ಯೆಯು ಕ್ರಮೇಣ ಹೆಚ್ಚುತ್ತಿರುವುದು ಈ ಸಂಯಮದ ಫಲ.

ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಈ ಜೀವಿಗಳಿಗೆ ರಕ್ಷಣೆ ನೀಡಿದೆ. ಗಂಗಾನದಿಯ ಡಾಲ್ಫಿನ್ನನ್ನು 2009ರಲ್ಲಿ ರಾಷ್ಟ್ರೀಯ ಜಲಚರವೆಂದು ಘೋಷಿಸಲಾಯಿತು. 2025ರಲ್ಲಿ ಪ್ರಕಟವಾದ ಗಣತಿಯಂತೆ ದೇಶದ ನದಿಗಳಲ್ಲಿ 6,327 ಡಾಲ್ಫಿನ್ನುಗಳಿವೆ. ಡಾಲ್ಫಿನ್ನುಗಳನ್ನು ಸೆರೆಯಲ್ಲಿಟ್ಟು ಪ್ರದರ್ಶಿಸುವುದನ್ನು 2013ರಲ್ಲಿ ನಿಷೇಧಿಸಲಾಯಿತು. ಕಡಲಹಸುವಿಗಾಗಿ ತಮಿಳುನಾಡು ಸರಕಾರವು 2022ರಲ್ಲಿ ಪಾಕ್ ಕೊಲ್ಲಿಯ 448 ಚದರ ಕಿಲೋಮೀಟರು ಪ್ರದೇಶವನ್ನು ಮೀಸಲಿಟ್ಟಿತು. ಸ್ಪರ್ಮ್ ತಿಮಿಂಗಿಲದ ಕರುಳಿನಲ್ಲಿ ಉಂಟಾಗುವ, ಅತ್ತರಿಗೆ ಬಳಸುತ್ತಿದ್ದ ಅಂಬರ್ ಎಂಬ ವಸ್ತುವಿನ ಮಾರಾಟವೂ ಭಾರತದಲ್ಲಿ ಅಪರಾಧ. ಇದನ್ನು 'ತಿಮಿಂಗಿಲದ ವಾಂತಿ'ಯೆಂದು ಕರೆದು, ಕೋಟಿಗಟ್ಟಲೆ ಬೆಲೆಯ ಆಸೆ ತೋರಿಸುವವರ ಮಾತಿಗೆ ಯಾರೂ ಮರುಳಾಗಬಾರದು.

ಕರ್ನಾಟಕದ ನೀರಿನಲ್ಲಿ

ಕಾರವಾರದ ಬಳಿ ಕಾಳಿನದಿಯ ಮುಖದಲ್ಲಿಯೂ ಕುಮಟೆಯ ಬಳಿ ಅಘನಾಶಿನಿಯ ಮುಖದಲ್ಲಿಯೂ ಗೂನುಬೆನ್ನಿನ ಡಾಲ್ಫಿನ್ನುಗಳು ಕಾಣಸಿಗುತ್ತವೆ. ಬೆನ್ನಿನ ಮೇಲೆ ರೆಕ್ಕೆಯಿಲ್ಲದ ಹಂದಿಮೀನುಗಳೂ ಈ ಕರಾವಳಿಯಲ್ಲಿವೆ. ಇವುಗಳನ್ನು ಇಂದು ಯಾರೂ ದೀಪದ ಎಣ್ಣೆಗಾಗಿ ಕೊಲ್ಲುವುದಿಲ್ಲ. ಆದರೂ ಇವು ಸಾಯುತ್ತಿವೆ. ಮೀನಿಗಾಗಿ ಬಿಟ್ಟ ಬಲೆಯಲ್ಲಿ ಸಿಕ್ಕಿಬಿದ್ದ ಡಾಲ್ಫಿನ್ನು ಮೇಲೆ ಬಂದು ಉಸಿರೆಳೆಯಲಾರದೆ ನೀರಿನಲ್ಲಿಯೇ ಉಸಿರುಗಟ್ಟಿ ಸಾಯುತ್ತದೆ. ನೈಲಾನ್ ಬಲೆಯು ಹತ್ತಿಯ ಬಲೆಯಂತೆ ಕೊಳೆಯುವುದಿಲ್ಲ. ಹರಿದು ಕಡಲಿನಲ್ಲಿ ಬಿದ್ದ ಮೇಲೂ ಅದು ಬೇಟೆಯಾಡುತ್ತಲೇ ಇರುತ್ತದೆ. ಬಲೆ ಹರಿದರೆ ನಷ್ಟ ಮೀನುಗಾರನದೂ ಹೌದು. ಅವನ ಅನ್ನವನ್ನೂ ಪ್ರಾಣಿಯ ಉಸಿರನ್ನೂ ಏಕಕಾಲಕ್ಕೆ ಉಳಿಸುವ ಉಪಾಯವನ್ನು ಹುಡುಕುವುದೇ ಇಂದಿನ ಮುಖ್ಯ ಸಮಸ್ಯೆ. ಇದು ಅಸಾಧ್ಯವಾದುದಲ್ಲ. ಬರ್ಮಾದ ಐರಾವತಿ ನದಿಯಲ್ಲಿ ಡಾಲ್ಫಿನ್ನುಗಳು ಮೀನಿನ ಗುಂಪನ್ನು ಬೆಸ್ತನ ದೋಣಿಯ ಕಡೆಗೆ ಅಟ್ಟುವುದೂ, ಅವನು ಬಲೆ ಬೀಸಿದಾಗ ತಪ್ಪಿಸಿಕೊಂಡ ಮೀನುಗಳನ್ನು ತಾವು ಹಿಡಿದು ತಿನ್ನುವುದೂ ತಲೆಮಾರುಗಳಿಂದ ನಡೆದುಬಂದಿದೆ. ಬ್ರೆಜಿಲ್ ದೇಶದ ಲಗೂನಾದಲ್ಲಿಯೂ ಇಂಥದೇ ಸಹಕಾರವಿದೆ.

ಒಳನಾಡಿನ ನದಿಗಳ ಪಾಲೂ ಇದರಲ್ಲಿದೆ. ಕೃಷ್ಣೆಯಲ್ಲಾಗಲಿ ತುಂಗಭದ್ರೆಯಲ್ಲಾಗಲಿ ಡಾಲ್ಫಿನ್ನುಗಳಿಲ್ಲ. ಆದರೆ ನೀರನ್ನೇ ನಂಬಿದ ಇನ್ನೊಂದು ಸಸ್ತನಿ ಇದೆ. ಅದೇ ನೀರುನಾಯಿ. ಕೊಪ್ಪಳ ಜಿಲ್ಲೆಯ ಮುದ್ಲಾಪುರದಿಂದ ಕಂಪ್ಲಿಯವರೆಗೆ ತುಂಗಭದ್ರೆಯ 34 ಕಿಲೋಮೀಟರು ಪಾತ್ರವನ್ನು 2015ರಲ್ಲಿ ನೀರುನಾಯಿಗಳ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಲಾಯಿತು. ಮೀನನ್ನು ಸಿಡಿಮದ್ದಿನಿಂದ ಕೊಲ್ಲುವುದು, ದಡದ ಮರಳನ್ನು ಬಗೆಯುವುದು, ಕೊಳಕನ್ನು ನದಿಗೆ ಬಿಡುವುದು ಇವೆಲ್ಲ ನೀರುನಾಯಿಗೆ ಕಂಟಕ. ಹೊಳೆಗೆ ಎಸೆದ ಪ್ಲಾಸ್ಟಿಕ್ ಚೀಲವೊಂದು ಪ್ರವಾಹದೊಡನೆ ಸಾಗಿ ಕಡಲನ್ನು ಮುಟ್ಟಿದರೆ ಅಲ್ಲಿಯ ಜೀವಿಗಳಿಗೂ ಅದೇ ಕಂಟಕ.

ಮಸ್ಕಿಯ ದೊರೆಯ ಮಾತು

ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರನು ಒಂದು ಶಾಸನವನ್ನು ಕಂಡುಹಿಡಿದನು. 'ದೇವಾನಾಂಪ್ರಿಯ'ನೆಂಬ ದೊರೆಯು ಅಶೋಕನೇ ಎಂಬುದು ಆ ಬಂಡೆಯಿಂದ ಸ್ಪಷ್ಟವಾಯಿತು. ಇದೇ ಅಶೋಕನು ಪಟ್ಟವಾದ 26 ವರ್ಷಗಳ ಮೇಲೆ ಹೊರಡಿಸಿದ ಐದನೆಯ ಸ್ತಂಭಶಾಸನದಲ್ಲಿ ಕೊಲ್ಲಬಾರದ ಪ್ರಾಣಿಗಳ ಪಟ್ಟಿಯೊಂದಿದೆ. ಅದರಲ್ಲಿ ಬರುವ 'ಗಂಗಾಪುಪುಟಕ' ಎಂಬುದನ್ನು ಅನೇಕ ವಿದ್ವಾಂಸರು ಗಂಗೆಯ ಡಾಲ್ಫಿನ್ ಎಂದೇ ಗುರುತಿಸುತ್ತಾರೆ. ಹೀಗೆ ನೀರಿನ ಸಸ್ತನಿಯೊಂದಕ್ಕೆ ಅಭಯವಿತ್ತ ಅತಿ ಪ್ರಾಚೀನ ಆಜ್ಞೆಗಳಲ್ಲೊಂದು ಮಸ್ಕಿಯ ಬಂಡೆಯ ಮೇಲೆ ಹೆಸರುಳ್ಳ ದೊರೆಯದೇ ಆಗಿದೆ.

ಆದರೆ ಅಶೋಕನು ಅಲ್ಲಿಗೇ ನಿಲ್ಲಲಿಲ್ಲ. ಮರುವರ್ಷ ಬರೆಯಿಸಿದ ಏಳನೆಯ ಸ್ತಂಭಶಾಸನದಲ್ಲಿ, ಪ್ರಾಣಿವಧೆಯನ್ನು ನಿಯಮದಿಂದ ತಡೆದುದನ್ನು ನೆನೆದು, ನಿಯಮದ ಫಲ ಅಲ್ಪವೆಂದೂ ಜನರ ಮನಸ್ಸನ್ನು ಒಲಿಸಿ ತಿಳಿಹೇಳಿದುದರ ಫಲವೇ ಹೆಚ್ಚೆಂದೂ ಒಪ್ಪಿಕೊಂಡಿದ್ದಾನೆ. ದಂಡಿಸುವ ಅಧಿಕಾರವುಳ್ಳ ಚಕ್ರವರ್ತಿಯೇ ಆಡಿದ ಮಾತಿದು. ಕಾಯಿದೆಗಳು ಬೇಟೆಯ ಈಟಿಯನ್ನು ತಡೆಯಬಲ್ಲವು. ಹೊಳೆಯ ದಡದಲ್ಲಿ ನಿಂತ ಪ್ರತಿಯೊಬ್ಬನ ಕೈಯನ್ನೂ ತಡೆಯಲಾರವು. ಆ ಕೆಲಸ ತಿಳಿವಳಿಕೆಯದು, ಆದಕಾರಣ ಶಾಲೆಯದು. ಕಡಲನ್ನು ಕಾಣದ ಊರಿನ ವಿದ್ಯಾರ್ಥಿಯೂ ತನ್ನೂರ ಹಳ್ಳವನ್ನು ನಿರ್ಮಲವಾಗಿಟ್ಟರೆ, ಅವನು ಕಾಣದ ಜೀವಿಯೊಂದರ ಉಸಿರನ್ನು ಉಳಿಸಿದವನಾಗುತ್ತಾನೆ.