ಎದೆ ತೆರೆಯದೆ ಮಹಾಪಧಮನಿಯ ಚಿಕಿತ್ಸೆ

ಹೃದಯದಿಂದ ಮೇಲೆದ್ದು, ಎದೆಯೊಳಗೆ ಬಾಗಿ, ಬೆನ್ನೆಲುಬಿನ ಪಕ್ಕದಲ್ಲಿ ಕೆಳಗಿಳಿದು ಇಡೀ ದೇಹಕ್ಕೆ ರಕ್ತವನ್ನು ಹಂಚುವ ಮಹಾಪಧಮನಿಯ ಗೋಡೆಯು ಬಹುಕಾಲದ ರಕ್ತದೊತ್ತಡ, ಧೂಮಪಾನ ಅಥವಾ ಹುಟ್ಟಿನಿಂದಲೇ ಬಂದ ಅಂಗಾಂಶದ ದೌರ್ಬಲ್ಯದಿಂದ ಶಿಥಿಲವಾದಾಗ ಉಬ್ಬಿಕೊಳ್ಳಬಹುದು, ಇಲ್ಲವೇ ಒಳಪದರ ಸೀಳಿ ಪದರಗಳ ನಡುವೆ ರಕ್ತ ನುಗ್ಗಬಹುದು. ಉಬ್ಬು ಸಾಮಾನ್ಯವಾಗಿ ಯಾವ ಸೂಚನೆಯನ್ನೂ ಕೊಡದೆ ಬೆಳೆಯುತ್ತದೆ. ಸೀಳಾದರೆ ಎದೆಯಲ್ಲೋ ಬೆನ್ನಿನಲ್ಲೋ ಹಠಾತ್ತನೆ ತಡೆಯಲಾರದ ನೋವು ಬರುತ್ತದೆ.

ಪಕ್ಕೆಲುಬುಗಳ ನಡುವೆ ಎದೆಯನ್ನು ತೆರೆದು ಕೆಟ್ಟ ಭಾಗಕ್ಕೆ ಬದಲಾಗಿ ಕೃತಕ ನಾಳವನ್ನು ಹೊಲಿಯುವ ದೊಡ್ಡ ಶಸ್ತ್ರಚಿಕಿತ್ಸೆಯೊಂದೇ ಮಾರ್ಗವಾಗಿದ್ದ ಕಾಲದಲ್ಲಿ, 1987ರಲ್ಲಿ, ಉಕ್ರೇನಿನ ಖಾರ್ಕಿವ್ ನಗರದ ನಿಕೊಲಾಯ್ ವೊಲೊಡೊಸ್ ಅವರು ರಕ್ತನಾಳದ ಒಳಗಿನಿಂದಲೇ ಈ ದುರಸ್ತಿಯನ್ನು ಮಾಡಿ ತೋರಿಸಿದರು. ಅವರ ಕೆಲಸ ಹೊರಜಗತ್ತಿಗೆ ಬಹುಕಾಲ ತಿಳಿಯದೇ ಉಳಿದದ್ದು ವಿಷಾದದ ಸಂಗತಿ; 1994ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನ ಮೈಕೆಲ್ ಡೇಕ್ ಮತ್ತು ಸಂಗಡಿಗರು 13 ರೋಗಿಗಳ ಅನುಭವವನ್ನು ಪ್ರಕಟಿಸಿದ ಮೇಲೆ ಈ ವಿಧಾನಕ್ಕೆ ವ್ಯಾಪಕ ಗಮನ ದೊರೆಯಿತು.

ಇದರಲ್ಲಿ ಬಳಸುವ ಸ್ಟೆಂಟ್ ಗ್ರಾಫ್ಟ್ ಎಂದರೆ ಲೋಹದ ಜಾಲರಿಗೆ ಬಟ್ಟೆ ಹೊದಿಸಿದ ಕೊಳವೆ. ತೊಡೆಸಂದಿನ ಅಪಧಮನಿಯ ಮೂಲಕ ಸಪೂರವಾದ ತಂತಿಯನ್ನು ಎದೆಯವರೆಗೆ ಒಯ್ದು, ಕವಚದೊಳಗೆ ಮುದುಡಿಸಿಟ್ಟ ಈ ಕೊಳವೆಯನ್ನು ಅದರ ಮೇಲೆ ಜಾರಿಸಿ, ಎಕ್ಸ್-ರೇ ಪರದೆಯಲ್ಲಿ ಸ್ಥಾನವನ್ನು ಖಚಿತಪಡಿಸಿಕೊಂಡು, ರಕ್ತದ ರಭಸಕ್ಕೆ ಅದು ಸರಿಯದಿರಲೆಂದು ಒತ್ತಡವನ್ನು ಕ್ಷಣಕಾಲ ತಗ್ಗಿಸಿ ಕವಚವನ್ನು ಹಿಂದೆಳೆದಾಗ, ಕೊಳವೆಯು ಅರಳಿ ಗೋಡೆಗೆ ಒತ್ತಿ ನಿಲ್ಲುತ್ತದೆ. ರಕ್ತವು ಅದರೊಳಗೆ ಹರಿಯತೊಡಗಿ ಉಬ್ಬಿದ ಗೋಡೆಯ ಮೇಲಿನ ಒತ್ತಡ ಇಳಿಯುತ್ತದೆ.

ಆದರೆ ಗಾಯ ಚಿಕ್ಕದಾದ ಮಾತ್ರಕ್ಕೆ ಅಪಾಯವೂ ಚಿಕ್ಕದೆಂದು ತಿಳಿಯಬಾರದು. ಬೆನ್ನುಹುರಿಗೆ ರಕ್ತ ಕೊಡುವ ಕವಲುಗಳು ಮುಚ್ಚಿಹೋಗಿ ಕಾಲುಗಳ ಸ್ವಾಧೀನ ತಪ್ಪುವ ಸಂಭವ ಇರುವುದರಿಂದ, ಅಂಥ ಅಪಾಯ ಹೆಚ್ಚಿರುವವರಲ್ಲಿ ಬೆನ್ನುಹುರಿಯ ಸುತ್ತಲಿನ ದ್ರವವನ್ನು ಸ್ವಲ್ಪಸ್ವಲ್ಪವಾಗಿ ಬಸಿದು ಅಲ್ಲಿನ ಒತ್ತಡವನ್ನು ಕಡಿಮೆ ಮಾಡಲಾಗುತ್ತದೆ. ಕೊಳವೆ ಭದ್ರವಾಗಿ ಕೂರಲು ಉಬ್ಬಿನ ಎರಡೂ ತುದಿಗಳಲ್ಲಿ ಸುಮಾರು 2 ಸೆಂಟಿಮೀಟರ್ ಆರೋಗ್ಯವಂತ ಗೋಡೆ ಬೇಕು. ಅದಕ್ಕಾಗಿ ಎಡಗೈಗೆ ಹೋಗುವ ಕವಲನ್ನು ಮುಚ್ಚಲೇಬೇಕಾದಾಗ, ಸಾಮಾನ್ಯವಾಗಿ ಕುತ್ತಿಗೆಯ ಅಪಧಮನಿಯಿಂದ ಅದಕ್ಕೊಂದು ಬದಲಿದಾರಿಯನ್ನು ಮೊದಲೇ ಜೋಡಿಸುತ್ತಾರೆ.

ಎಲ್ಲರಿಗೂ ಇದು ಒಗ್ಗುವುದಿಲ್ಲ. ಹೃದಯಕ್ಕೆ ಅಂಟಿಕೊಂಡ ಏರುಭಾಗವು ಸೀಳಿದರೆ ಈಗಲೂ ತುರ್ತು ತೆರೆದ ಶಸ್ತ್ರಚಿಕಿತ್ಸೆಯೇ ಮುಖ್ಯ ದಾರಿ. ಇಳಿಭಾಗದ ತೊಡಕಿಲ್ಲದ ಸೀಳಿಗೆ ರಕ್ತದೊತ್ತಡ ತಗ್ಗಿಸುವ ಔಷಧಗಳಿಂದಲೇ ಚಿಕಿತ್ಸೆ ಆರಂಭವಾಗುತ್ತದೆ. ಇಳಿಭಾಗದ ಉಬ್ಬಿಗೆ ಸಾಮಾನ್ಯವಾಗಿ 5.5 ಸೆಂಟಿಮೀಟರ್ ಆಸುಪಾಸಿನಲ್ಲಿ ಸ್ಟೆಂಟ್ ಗ್ರಾಫ್ಟ್‌ನ ಯೋಚನೆ ಬರುತ್ತದೆ. ಮಾರ್ಫನ್ ಸಿಂಡ್ರೋಮ್‌ನಂಥ ಆನುವಂಶಿಕ ತೊಂದರೆಯಿದ್ದವರಲ್ಲಿ ಗೋಡೆಯೇ ದುರ್ಬಲವಾದ್ದರಿಂದ ತಜ್ಞರು ಸಾಧ್ಯವಾದಷ್ಟೂ ತೆರೆದ ಶಸ್ತ್ರಚಿಕಿತ್ಸೆಯನ್ನೇ ಆರಿಸುತ್ತಾರೆ.

ಆಸ್ಪತ್ರೆಯಿಂದ ಬೇಗ ಮನೆಗೆ ಮರಳಿದ ರೋಗಿಯು ಗುಣವಾಯಿತೆಂದು ಭಾವಿಸಿ ಸ್ಕ್ಯಾನ್ ಮರೆಯುವುದೇ ದೊಡ್ಡ ಆತಂಕ, ಏಕೆಂದರೆ ಕೊಳವೆಯ ಅಂಚಿನಿಂದ ರಕ್ತ ಸೋರಿ ಹಳೆಯ ಉಬ್ಬು ಮತ್ತೆ ಬೆಳೆಯಬಹುದಾದರೂ ಹೊರಗೆ ಯಾವ ಲಕ್ಷಣವೂ ಕಾಣದಿರಬಹುದು. ಮೊದಲ ವರ್ಷದಲ್ಲಿ ಒಂದೆರಡು ಬಾರಿ, ಆಮೇಲೆ ಸಾಮಾನ್ಯವಾಗಿ ವರ್ಷಕ್ಕೊಮ್ಮೆ ಮಾಡಿಸುವ ಸಿ.ಟಿ. ಪರೀಕ್ಷೆಯಲ್ಲಿ ಸೋರಿಕೆ ಕಂಡುಬಂದರೆ ಬಹಳಷ್ಟು ಸಲ ತೊಡೆಸಂದಿನ ದಾರಿಯಿಂದಲೇ ಮತ್ತೊಂದು ತುಂಡನ್ನು ಜೋಡಿಸಿ ಅದನ್ನು ಮುಚ್ಚಬಹುದು.