ಜೋಳ ಅಂದ್ರೆ ಯಾವ ಜೋಳ? ಉತ್ತರ ಕರ್ನಾಟಕದ ಬದುಕು ಬೇರೆ ಯಾಕೆ

ಚೆನ್ನೈಗೆ ಬಂದ ಮೊದಲನೇ ವಾರ ಶೋಲಿಂಗನಲ್ಲೂರಿನ ಅಂಗಡಿಯೊಂದರಲ್ಲಿ 'ಚೋಳ ಮಾವು' ಅಂತ ಬರೆದಿದ್ದ ಪ್ಯಾಕೆಟ್ ತಂದೆ. ಬಿಸಿನೀರು ಹಾಕಿ ನಾದಿದ್ರೆ ಬರೀ ಗೋಂದು. ನೋಡಿದ್ರೆ ಕಾರ್ನ್‌ಫ್ಲೋರ್! ತಮಿಳಿನ ಚೋಳಂ ಅಂದ್ರೂ ನಮ್ಮ ಜೋಳವೇ, ಆದ್ರೆ ಅಂಗಡಿಯಲ್ಲಿ ಆ ಹೆಸರು ಮೆಕ್ಕೆಜೋಳಕ್ಕೂ ನಡೆಯುತ್ತೆ. 'ವೆಳ್ಳೈ ಚೋಳಂ' ಅಂತ ಕೇಳಬೇಕು, ನೆನಪಿಟ್ಕೊಳ್ಳಿ. ಮಜಾ ಏನಂದ್ರೆ, ನನ್ನ ರೂಮ್‌ಮೇಟ್ ಮಂಡ್ಯದವನು, ಅವನಿಗೂ ಜೋಳ ಅಂದ್ರೆ ಮೆಕ್ಕೆಜೋಳವೇ. ನಾನು ವಿಜಯಪುರ ಜಿಲ್ಲೆಯವನು. ಅದನ್ನ ನಾವು ಗೋವಿನಜೋಳ ಅಂತೀವಿ.

ಈ ವ್ಯತ್ಯಾಸ ಶುರುವಾಗೋದು ಮಣ್ಣಿಂದ. ಚೆನ್ನೈನಲ್ಲಿ ವರ್ಷಕ್ಕೆ ಸುಮಾರು 1400 ಮಿಲಿಮೀಟರ್ ಮಳೆ, ನಮ್ಮ ಕಡೆ ಸುಮಾರು 600. ಮಂಡ್ಯದಲ್ಲೂ ಮಳೆ ಭಾರಿ ಏನಿಲ್ಲ, ಆದ್ರೆ ಅಲ್ಲಿ ಕೆಆರ್‌ಎಸ್ ಕಾಲುವೆ 1930ರ ದಶಕದಲ್ಲೇ ಬಂತು. ನಮ್ಮ ಆಲಮಟ್ಟಿಗೆ ಅಡಿಗಲ್ಲು ಹಾಕಿದ್ದೇ 1964ರಲ್ಲಿ. ಹಂಗಾಗಿ ನಮಗೆ ಆಧಾರ ಎರಿ ಭೂಮಿ. ಆ ಕಪ್ಪು ಮಣ್ಣು ಮಳೆಗಾಲದ ತೇವ ಹಿಡಿದಿಟ್ಕೊಳ್ಳುತ್ತೆ, ಅದರ ಮೇಲೆ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಬಿತ್ತಿದ ಹಿಂಗಾರಿ ಜೋಳ ಬೆಳೆಯುತ್ತೆ. ಕಾಳು ಮನುಷ್ಯರಿಗೆ, ಕಣಕಿ ದನಗಳಿಗೆ. ಜೋಳದಲ್ಲಿ ಗೋಧಿಯ ಜಿಗುಟಿಲ್ಲ, ಲಟ್ಟಿಸಿದ್ರೆ ಒಡೆಯುತ್ತೆ, ಅದಕ್ಕೇ ಕೈಯಲ್ಲಿ ಬಡಿಯೋದು. ಒಣಗಿಸಿದ ಕಡಕ್ ರೊಟ್ಟಿ ವಾರಗಟ್ಟಲೆ ಕೆಡಲ್ಲ. ಊರಿಂದ ಬರುವಾಗ ಅವ್ವ ಶೇಂಗಾ ಚಟ್ನಿ ಪುಡಿ ಜೊತೆ ಕಟ್ಟಿಕೊಡೋದು ಅದನ್ನೇ.

ಹಬ್ಬಗಳೂ ಹೊಲದ ಹಿಂದೆಯೇ ಬರ್ತವೆ. ಎಳ್ಳಮಾವಾಸ್ಯೆಗೆ ಬುತ್ತಿ ಕಟ್ಕೊಂಡು ಹೊಲಕ್ಕೆ ಹೋಗಿ, ನಿಂತ ಬೆಳೆಗೆ ಚರಗ ಚೆಲ್ಲಿ, ಅಲ್ಲೇ ಊಟ. ನಾಗರಪಂಚಮಿ ಅಂದ್ರೆ ಮದುವೆಯಾದ ಹೆಣ್ಣುಮಕ್ಕಳು ತವರಿಗೆ ಬರೋ ಹಬ್ಬ: ಜೋಕಾಲಿ, ಥರಾವರಿ ಉಂಡಿ. ರೂಮ್‌ಮೇಟ್‌ಗೆ ಪಂಚಮಿ ಅಂದ್ರೆ ಹುತ್ತಕ್ಕೆ ಹಾಲು, ಅಷ್ಟೇ.

ಇನ್ನು ಮಾತು. 1956ರ ನವೆಂಬರ್ 1ರವರೆಗೆ ನಾವು ಒಂದೇ ರಾಜ್ಯದವರಾಗಿರಲೇ ಇಲ್ಲ. ವಿಜಯಪುರ, ಧಾರವಾಡ, ಬೆಳಗಾವಿ ಮುಂಬೈ ಪ್ರಾಂತ್ಯದಲ್ಲಿದ್ವು. ಕಲಬುರಗಿ, ಬೀದರ್, ರಾಯಚೂರು 1948ರ ತನಕ ನಿಜಾಮರ ಕೈಯಲ್ಲಿ, ಅಲ್ಲಿ ಸರ್ಕಾರಿ ಭಾಷೆ ಉರ್ದು. ಬಳ್ಳಾರಿ, ಮಂಗಳೂರಿನ ಕಾಗದಪತ್ರ ಬರ್ತಿದ್ದದ್ದು ನಾನೀಗ ಕೂತಿರೋ ಈ ಮದ್ರಾಸಿಗೇ! ಹೀಗಾಗಿ ಅತ್ತಿಗೆ ನಮಗೆ ವೈನಿ, ಮೆಸ್ಸು ಖಾನಾವಳಿ, ತಿಂಡಿ ನಾಷ್ಟಾ. ಈರುಳ್ಳಿಗೆ ಉಳ್ಳಾಗಡ್ಡಿ ಅನ್ನೋದು ಮಾತ್ರ ಅಚ್ಚ ಕನ್ನಡವೇ, ಅದನ್ನ ಕೇಳಿ ನಗೋರಿಗೆ ಹೇಳ್ತಿದೀನಿ.

ನಗೋರು ಇದ್ರು. ಎಂಟೆಕ್ ಮುಗಿಸಿ ಬೆಂಗಳೂರಲ್ಲಿ ಮೊದಲ ಕೆಲಸ. ಸ್ಟ್ಯಾಂಡ್‌ಅಪ್ ಮೀಟಿಂಗ್‌ನಲ್ಲಿ ನಾನು "ಬಿಲ್ಡ್ ಹೊಡದೈತ್ರಿ" ಅಂದ್ರೆ ಸಿನಿಮಾ ಕಾಮಿಡಿ ಥರ ನಗ್ತಿದ್ರು. ನಮ್ಮ 'ನೀ ಬಾ' ಅವರಿಗೆ ಒರಟು. ನಾವು ಗೌರವವನ್ನ ಮಾತಿನ ಕೊನೆಯ 'ರಿ'ಯಲ್ಲಿ ಇಡ್ತೀವಿ, ಅದು ಅವರ ಕಿವಿಗೇ ಬೀಳ್ತಿರಲಿಲ್ಲ. ಆರು ತಿಂಗಳಲ್ಲಿ ನಾನು "ಹೋಗ್ತೀನ್ರಿ" ಬಿಟ್ಟು "ಹೋಗ್ತೀನಿ ಸರ್" ಅನ್ನೋಕೆ ಕಲಿತೆ. ಒಂದಿನ ಫೋನ್‌ನಲ್ಲಿ ಅವ್ವ ಕೇಳಿದಳು, "ಯಾಕಪಾ, ಬ್ಯಾರೇದವರ ಗತೆ ಮಾತಾಡಾಕತ್ತಿ?" ಉತ್ತರ ಹೊಳೀಲಿಲ್ಲ.

ಚೆನ್ನೈಗೆ ಬಂದ ಮೇಲೆ ವಿಚಿತ್ರ ಆಯ್ತು. ಇಲ್ಲಿನ ಟೀಮಿಗೆ ಮಂಡ್ಯವೂ ಒಂದೇ, ವಿಜಯಪುರವೂ ಒಂದೇ, ಇಬ್ಬರೂ "ಬ್ಯಾಂಗಲೋರ್". ನನ್ನ ಮಾತನ್ನ ಅಳೆಯೋರು ಯಾರೂ ಇಲ್ಲ ಅಂದಾಗ ಅದು ತಾನಾಗೇ ವಾಪಸ್ ಬಂತು. ರೂಮ್‌ಮೇಟ್ ಮೊದಲ ತಿಂಗಳು ನಕ್ಕ, ಸುಳ್ಳು ಯಾಕೆ ಹೇಳಲಿ. ಈಗ ಭಾನುವಾರ ಅವನ ಮುದ್ದೆ, ನನ್ನ ಎಣ್ಣೆಗಾಯಿ. ಹೋದ ವಾರ ಅವನೇ ವೆಳ್ಳೈ ಚೋಳಂ ಕೊಂಡು ಗಿರಣಿಯಲ್ಲಿ ಬೀಸಿಸ್ಕೊಂಡು ಬಂದು, ಬಾಗಿಲಲ್ಲೇ ನಿಂತು ಕೂಗಿದ: "ಹಿಟ್ ತಂದೀನ್ರೀ, ಬಡೀರಿ!"